ಗೊದಾರ್ ಚಿತ್ರದ ಯಂತ್ರ, ನಮ್ಮ ಅಣ್ಣನ ಧ್ವನಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕಲಬುರಗಿಯಲ್ಲಿ ಮೂರು ದಿನ ನಡೆದ ಚಲನಚಿತ್ರೋತ್ಸವದ ಕೊನೆಯ ಸಂಜೆ ಫ್ರೆಂಚ್ ನಿರ್ದೇಶಕ ಜಾ ಲುಕ್ ಗೊದಾರ್ ಅವರ 1965ರ ‘ಆಲ್ಫಾವಿಲ್’ ಪ್ರದರ್ಶನಗೊಂಡಿತು. ಅದರ ಬಗ್ಗೆ ಓದುಗರೊಬ್ಬರು ಬರೆದ ಪತ್ರವನ್ನು ಮೊನ್ನೆ ಈ ಅಂಕಣದಲ್ಲಿ ಓದಿದೆ. ಬೆಳಕು, ಕೋಟು, ಹ್ಯಾಟುಗಳ ಥಳುಕನ್ನು ಬಿಟ್ಟರೆ ಚಿತ್ರದಲ್ಲಿ ಹುರುಳಿಲ್ಲ, ಅರ್ಧ ಸಭಾಂಗಣ ನಡುವೆಯೇ ಎದ್ದು ಹೋಯಿತು, ಯಂತ್ರದ ಒಡಕು ಧ್ವನಿಯಂತೂ ನಗು ತರಿಸುವಂತಿತ್ತು ಎಂಬುದು ಅವರ ಅಭಿಪ್ರಾಯ. ಜನ ಎದ್ದು ಹೋದದ್ದು ನಿಜ, ನಾನೂ ನೋಡಿದೆ. ಉಳಿದ ಎರಡು ಮಾತುಗಳನ್ನು ನಾನು ಒಪ್ಪಲಾರೆ. ಅದರಲ್ಲೂ ಆ ಧ್ವನಿಯ ವಿಷಯದಲ್ಲಿ ಸುಮ್ಮನಿರುವುದು ನನ್ನಿಂದ ಸಾಧ್ಯವಾಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಮನ್ನಿಸಬೇಕು.

ಚಿತ್ರ ನೋಡದ ಓದುಗರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಆಲ್ಫಾವಿಲ್ ಎಂಬುದು ಭವಿಷ್ಯದ ಒಂದು ನಗರ. ಅದನ್ನು ಆಳುವುದು ಆಲ್ಫಾ 60 ಎಂಬ ಗಣಕಯಂತ್ರ. ತರ್ಕಕ್ಕೆ ಒಗ್ಗದ ಯಾವುದಕ್ಕೂ, ಅಂದರೆ ಅಳುವಿಗೆ, ಪ್ರೀತಿಗೆ, ಕವಿತೆಗೆ ಅಲ್ಲಿ ಜಾಗವಿಲ್ಲ. ಹೊರಲೋಕದಿಂದ ಬಂದ ಗುಪ್ತಚರ ಲೆಮ್ಮಿ ಕಾಶನ್ ತಾನು ‘ಫಿಗಾರೊ-ಪ್ರಾವ್ದಾ’ ಪತ್ರಿಕೆಯ ವರದಿಗಾರ ಎಂದು ಹೇಳಿಕೊಂಡು ಹೋಟೆಲ್ಲಿನಲ್ಲಿ ಇಳಿಯುತ್ತಾನೆ, ಆ ಯಂತ್ರವನ್ನು ಕಟ್ಟಿದ ಪ್ರೊಫೆಸರನನ್ನು ಹುಡುಕುತ್ತಾನೆ, ಅವನ ಮಗಳು ನತಾಶಾಳನ್ನು ಮೆಚ್ಚುತ್ತಾನೆ, ಕೊನೆಗೆ ಯಂತ್ರವನ್ನು ಕೆಡಿಸಿ ಅವಳನ್ನು ಕರೆದುಕೊಂಡು ಹೊರಟುಹೋಗುತ್ತಾನೆ. ಲೆಮ್ಮಿಯಾಗಿ ನಟಿಸಿದ ಎಡ್ಡಿ ಕಾನ್‌ಸ್ಟಂಟೈನ್ ಅದೇ ಹೆಸರಿನ ಪತ್ತೇದಾರನ ಪಾತ್ರವನ್ನು 1950ರ ದಶಕದ ಫ್ರೆಂಚ್ ಜನಪ್ರಿಯ ಚಿತ್ರಗಳಲ್ಲಿ ಮತ್ತೆ ಮತ್ತೆ ಮಾಡಿದವರು. ನಮ್ಮಲ್ಲಿ ಡಾ. ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಪಾತ್ರವನ್ನು ಅದೇ ಉಡುಪಿನಲ್ಲಿ, ಅದೇ ಪಿಸ್ತೂಲಿನೊಂದಿಗೆ, ಪಾಟೀಸವಾಲೂ ಹೊಡೆದಾಟವೂ ಕೆಲಸಕ್ಕೆ ಬಾರದ ಒಂದು ಊರಿಗೆ ತಂದು ಬಿಟ್ಟರೆ ಹೇಗಿರುತ್ತದೋ ಹಾಗೆ ಗೊದಾರ್ ಅವನನ್ನು ಇಲ್ಲಿ ತಂದಿದ್ದಾರೆ.

ಥಳುಕಿನ ಮಾತಿಗೆ ಬರುತ್ತೇನೆ. ಈ ಚಿತ್ರಕ್ಕೆ ಒಂದೇ ಒಂದು ಭವಿಷ್ಯದ ಸೆಟ್ಟನ್ನೂ ಹಾಕಿಲ್ಲ. ಎಲ್ಲವನ್ನೂ ಆಗಿನ ಪ್ಯಾರಿಸ್ಸಿನಲ್ಲಿಯೇ, ಬಹುಪಾಲು ರಾತ್ರಿಯ ಹೊತ್ತಿನಲ್ಲಿ ಚಿತ್ರಿಸಲಾಗಿದೆ. ಆಗಷ್ಟೇ ಎದ್ದುನಿಂತಿದ್ದ ರೇಡಿಯೊ ಭವನದಂಥ ಹೊಸ ಕಟ್ಟಡಗಳ ಕಾರಿಡಾರು, ಗಾಜಿನ ಗೋಡೆ, ಸುತ್ತು ಮೆಟ್ಟಿಲು, ಲಿಫ್ಟುಗಳೇ ಆಲ್ಫಾವಿಲ್ ಆಗಿವೆ. ಛಾಯಾಗ್ರಾಹಕ ರೌಲ್ ಕುತಾರ್ ಸಿನಿಮಾಕ್ಕೆ ಬರುವ ಮೊದಲು ಇಂಡೋಚೈನಾದಲ್ಲಿ ಯುದ್ಧದ ಚಿತ್ರಗಳನ್ನು ತೆಗೆದವರು. ಸಿಕ್ಕಷ್ಟು ಬೆಳಕಿನಲ್ಲಿ ಕೆಲಸ ಮುಗಿಸುವುದು ಅವರಿಗೆ ರೂಢಿ. ಬೀದಿದೀಪ, ಟ್ಯೂಬ್‌ಲೈಟು, ಕಾರಿನ ಹೆಡ್‌ಲೈಟು ಎಷ್ಟು ಬೆಳಗುತ್ತವೋ ಅಷ್ಟನ್ನೇ ಅವರ ಕ್ಯಾಮೆರಾ ತೋರಿಸುತ್ತದೆ, ಉಳಿದದ್ದನ್ನು ಕತ್ತಲಿಗೇ ಬಿಡುತ್ತದೆ. ಎಲ್ಲರಿಗೂ ಅಂಜಿಕೆ ಹುಟ್ಟಿಸುವ ಆ ಯಂತ್ರ ಪರದೆಯ ಮೇಲೆ ಒಂದು ಕಡೆ ಬರೀ ದೀಪದ ಮುಂದೆ ತಿರುಗುವ ಫ್ಯಾನಿನಂತೆ ಕಾಣುತ್ತದೆ. ಲೆಮ್ಮಿ ಅಂತರಿಕ್ಷ ದಾಟಿ ಬಂದೆ ಎನ್ನುತ್ತಾನೆ, ನಮಗೆ ಕಾಣುವುದು ಊರಹೊರಗಿನ ಹೆದ್ದಾರಿ ಮತ್ತು ಒಂದು ಕಾರು. ಅಲ್ಲಿ ಸಭಾಂಗಣದಲ್ಲಿ ಕೆಲವರು ನಕ್ಕರು. ಖರ್ಚಿಲ್ಲದೆ ಮಾಡಿದ ಚಿತ್ರ ಎಂದು ನನ್ನ ಪಕ್ಕದವರು ತಮ್ಮ ಗೆಳೆಯರಿಗೆ ಹೇಳಿದರು. ಆದರೆ ಭವಿಷ್ಯದ ಊರನ್ನು ತೋರಿಸಲು ನಾಳೆಯ ತನಕ ಕಾಯಬೇಕಾಗಿಲ್ಲ, ನಾವು ದಿನಾ ಹತ್ತಿ ಇಳಿಯುವ ಮೆಟ್ಟಿಲುಗಳನ್ನು ರಾತ್ರಿ ಹತ್ತರ ಮೇಲೆ ನೋಡಿದರೆ ಸಾಕು ಎಂದು ಚಿತ್ರ ಹೇಳುತ್ತಿರುವಾಗ, ತಗಡಿನ ಅಂತರಿಕ್ಷನೌಕೆಯೊಂದನ್ನು ತಂದಿಟ್ಟಿದ್ದರೆ ಆ ಮಾತೇ ಸತ್ತುಹೋಗುತ್ತಿತ್ತು. ಪ್ರದರ್ಶನ ಮುಗಿದ ಮೇಲೆ ನಾನು ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆಗೆ ನಡೆದುಕೊಂಡು ಹೋದೆ. ಕಬ್ಬಿಣದ ಶಟರ್ ಎಳೆದ ಅಂಗಡಿಗಳು, ಒಳಗೆ ಯಾರೂ ಇಲ್ಲದ ಎಟಿಎಂ ಕೋಣೆಯ ಬಿಳಿ ಬೆಳಕು, ಮುಚ್ಚಿದ ಆಫೀಸೊಂದರ ಎರಡನೇ ಮಹಡಿಯಲ್ಲಿ ಆರಿಸಲು ಮರೆತ ಒಂದೇ ಟ್ಯೂಬ್‌ಲೈಟು. ನಲವತ್ತು ವರ್ಷ ತಿರುಗಾಡಿದ ಆ ರಸ್ತೆ ಅಂದು ನನಗೆ ಗುರುತು ಸಿಗಲಿಲ್ಲ. ಇದನ್ನು ಮಾಡಿದ್ದು ಆ ಚಿತ್ರದ ಶೈಲಿಯೇ. ಇದನ್ನು ಥಳುಕು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ.

ನಾನು ವೃತ್ತಿಯಿಂದ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದವನು. ಚಿತ್ರದಲ್ಲಿ ದ್ರವ್ಯ ಮತ್ತು ಶಕ್ತಿಯ ಸಮೀಕರಣವೂ ಬೆಳಕಿನ ಕಣದ ಶಕ್ತಿಯ ಸಮೀಕರಣವೂ ಅಂಗಡಿಯ ನಿಯಾನ್ ಬೋರ್ಡಿನಂತೆ ಹತ್ತಿ ಆರುತ್ತವೆ. ಎರಡನ್ನೂ ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಯಾಕೆ ಹಾಗೆ ಎಂದು ಒಬ್ಬ ಹುಡುಗ ಎದ್ದು ಕೇಳಿದರೆ ಆ ದಿನದ ಪಾಠ ಸಾರ್ಥಕವಾಯಿತು ಎಂದುಕೊಳ್ಳುತ್ತಿದ್ದೆ. ಆಲ್ಫಾವಿಲ್‌ನಲ್ಲಿ ‘ಯಾಕೆ’ ಎಂದು ಕೇಳುವಂತಿಲ್ಲ, ‘ಯಾಕೆಂದರೆ’ ಎಂದು ಮಾತ್ರ ಹೇಳಬೇಕು. ಕೇಳುವವರಿಲ್ಲದ ಊರಿನಲ್ಲಿ ಆ ಸಮೀಕರಣಗಳು ಬರೀ ಹೊಳೆಯುವ ಬೋರ್ಡುಗಳಾಗಿ ಉಳಿದದ್ದನ್ನು ನೋಡಿ ನನಗಾದ ಸಂಕಟವನ್ನು ಇಲ್ಲಿ ಪೂರ್ತಿಯಾಗಿ ಹೇಳಲಾರೆ.

ಹೋಟೆಲ್ಲಿನ ಪ್ರತಿ ಕೋಣೆಯಲ್ಲಿ ಬೈಬಲ್ ಎಂದು ಕರೆಯುವ ಒಂದು ಪುಸ್ತಕವಿರುತ್ತದೆ. ಬಿಡಿಸಿ ನೋಡಿದರೆ ಅದು ನಿಘಂಟು. ಬೇಡವಾದ ಪದಗಳನ್ನು ತೆಗೆದುಹಾಕಿದ ಹೊಸ ಪ್ರತಿ ಆಗಾಗ ಬರುತ್ತಿರುತ್ತದೆ. ‘ಅಳು’ ಹೋಗಿದೆ, ‘ಮಾರ್ದವ’ ಹೋಗಿದೆ, ‘ಶರತ್ಕಾಲದ ಬೆಳಕು’ ಹೋಗಿದೆ. ನತಾಶಾ ‘ಅಂತಃಸಾಕ್ಷಿ’ ಎಂಬ ಪದವನ್ನು ಹುಡುಕುತ್ತಾಳೆ, ಸಿಗುವುದಿಲ್ಲ. ಪದವಿಲ್ಲದ ಮೇಲೆ ಆ ಸಂಗತಿಯೂ ಅವಳಿಗೆ ಇಲ್ಲ. ಪಾಲ್ ಎಲ್ವಾರ್ ಎಂಬ ಕವಿಯ 1926ರ ಕವನ ಸಂಕಲನವೊಂದನ್ನು ಲೆಮ್ಮಿ ಅವಳ ಕೈಗೆ ಕೊಟ್ಟಾಗ ಅವಳು ಓದುವ ರೀತಿಯನ್ನು ಗಮನಿಸಬೇಕು. ಸಾಲುಗಳು ಬಾಯಿಗೆ ಬರುತ್ತವೆ, ಅವುಗಳ ಅರ್ಥ ಮಾತ್ರ ಕದ ತಟ್ಟುತ್ತ ಹೊರಗೆ ನಿಂತಿರುತ್ತದೆ. ನತಾಶಾಳಾಗಿ ನಟಿಸಿದ ಆನ್ನಾ ಕರೀನಾ ಅವರ ಮುಖದಲ್ಲಿ ಆ ತಡಕಾಟ ಎಷ್ಟು ನಿಚ್ಚಳವಾಗಿ ಕಾಣುತ್ತದೆಂದರೆ, ಅಕ್ಷರ ಕಲಿಯುವ ಮಕ್ಕಳಿಗೆ ಪಾಠ ಹೇಳಿದವರು ಯಾರೇ ಆದರೂ ಅದನ್ನು ಗುರುತಿಸದೆ ಇರಲಾರರು.

ಈಜುಕೊಳದ ದೃಶ್ಯವನ್ನು ನೋಡಿ ಮಹಿಳೆಯರಿಬ್ಬರು ಎದ್ದು ಹೊರಗೆ ಹೋದರು. ಅವರನ್ನು ನಾನು ತಪ್ಪೆನ್ನುವುದಿಲ್ಲ. ತರ್ಕಕ್ಕೆ ವಿರುದ್ಧವಾಗಿ ನಡೆದುಕೊಂಡವರನ್ನು ಅಲ್ಲಿ ಕೊಳದ ಹಲಗೆಯ ಮೇಲೆ ನಿಲ್ಲಿಸಿ ಗುಂಡಿಕ್ಕುತ್ತಾರೆ. ನೀರಿಗೆ ಬಿದ್ದವನ ಕಡೆಗೆ ಚಾಕು ಹಿಡಿದ ಯುವತಿಯರು ಈಜಿನ ಪ್ರದರ್ಶನ ಕೊಡುವವರಂತೆ ಧುಮುಕುತ್ತಾರೆ. ಸುತ್ತ ನಿಂತ ಗಣ್ಯರು ಚಪ್ಪಾಳೆ ತಟ್ಟುತ್ತಾರೆ. ಗುಂಡಿಗೆ ಬಲಿಯಾದವರಲ್ಲಿ ಒಬ್ಬನ ಅಪರಾಧ, ಹೆಂಡತಿ ಸತ್ತಾಗ ಅತ್ತದ್ದು. ಪ್ಯಾರಿಸ್ ಜರ್ಮನ್ ಸೇನೆಯ ಹಿಡಿತದಿಂದ ಬಿಡುಗಡೆಯಾಗಿ 21 ವರ್ಷಗಳೂ ತುಂಬದಿದ್ದಾಗ ಬಂದ ಚಿತ್ರವಿದು. ಹೆಂಗಸರ ಮೈಮೇಲೆ ಒತ್ತಿದ ಸಂಖ್ಯೆಗಳನ್ನು ನೋಡಿದಾಗ ಆ ಊರಿನ ಪ್ರೇಕ್ಷಕರಿಗೆ ಕೈದಿಗಳ ಮೈಮೇಲೆ ಸಂಖ್ಯೆ ಒತ್ತುತ್ತಿದ್ದ ನಾಜಿ ಶಿಬಿರಗಳು ನೆನಪಾಗಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರದಲ್ಲಿ ದೋಷಗಳಿವೆ. ಹೆಂಗಸರನ್ನು ಅಲಂಕಾರದಂತೆ ಬಳಸುವ ಊರನ್ನು ಖಂಡಿಸಲು ಹೊರಟ ಚಿತ್ರವೇ ಅವರನ್ನು ಬಹಳ ಹೊತ್ತು ಹಾಗೆಯೇ ತೋರಿಸುತ್ತದೆ. ನಾಯಕ ಕೇಳುವುದಕ್ಕಿಂತ ಮೊದಲೇ ಗುಂಡು ಹಾರಿಸುತ್ತಾನೆ. ನಡುವಿನ ಇಪ್ಪತ್ತು ನಿಮಿಷ ಬಹಳ ನಿಧಾನವಾಗಿ ಸಾಗುತ್ತದೆ. ಇವೆಲ್ಲವನ್ನೂ ಒಪ್ಪುತ್ತೇನೆ.

ಇನ್ನು ಆ ಧ್ವನಿ. ಆಲ್ಫಾ 60 ಮೊದಲ ಸಲ ಮಾತನಾಡಿದಾಗ ಸಭಾಂಗಣದ ಹಿಂದಿನ ಸಾಲುಗಳಿಂದ ದೊಡ್ಡ ನಗು ಕೇಳಿಬಂತು. ಪ್ರದರ್ಶನ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತ ಕಾಲೇಜು ಹುಡುಗರು ಗಂಟಲನ್ನು ಎರಡು ಬೆರಳುಗಳಿಂದ ಒತ್ತಿ ಹಿಡಿದು ಅದನ್ನು ಅನುಕರಿಸುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲೂ ಇಲ್ಲ. ಆ ಧ್ವನಿಯನ್ನು ಚಿತ್ರಕ್ಕಾಗಿ ಕೃತಕವಾಗಿ ಹುಟ್ಟಿಸಿದ್ದಲ್ಲ. ಸಹಜ ಧ್ವನಿಯನ್ನು ಕಳೆದುಕೊಂಡು, ಮಾತನಾಡುವುದನ್ನು ಮತ್ತೆ ಕಲಿತಿದ್ದ ಒಬ್ಬ ವ್ಯಕ್ತಿಯನ್ನು ಗೊದಾರ್ ಕರೆತಂದು, ಆ ವ್ಯಕ್ತಿಯ ಬಾಯಿಂದ ಆ ಮಾತುಗಳನ್ನು ಆಡಿಸಿದರು. ಊರನ್ನೇ ಸೆಟ್ಟಾಗಿ ಬಳಸಿದ ನಿರ್ದೇಶಕ ಧ್ವನಿಯನ್ನೂ ಹಾಗೆಯೇ, ಇದ್ದದ್ದನ್ನು ಇದ್ದ ಹಾಗೆಯೇ ತೆಗೆದುಕೊಂಡರು.

ನನಗೆ ಅದು ಮೊದಲ ಅಕ್ಷರದಲ್ಲಿಯೇ ಗುರುತು ಸಿಕ್ಕಿತು. ನಮ್ಮ ಹಿರಿಯ ಅಣ್ಣ ಇಲ್ಲಿನ ಗಂಜ್‌ನ, ಅಂದರೆ ಧಾನ್ಯ ಮಾರುಕಟ್ಟೆಯ, ಒಂದು ಅಡತ್ (ದಲಾಲಿ) ಅಂಗಡಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದವರು. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬರುವ ದಿನಗಳಲ್ಲಿ ಅವರು ಲಿಲಾವು ಕೂಗುವುದು ಮೂರು ಅಂಗಡಿಯಾಚೆಗೂ ಕೇಳುತ್ತಿತ್ತು. ಬೀಡಿ ಸೇದುವ ಚಟವಿತ್ತು. ಧ್ವನಿ ಒಡೆದಾಗ ಗಂಜಿನ ಧೂಳು ಎಂದರು, ತೊಗರಿ ಹೊಟ್ಟು ಎಂದರು. ಹಾಗೆ ಐದು ತಿಂಗಳು ಕಳೆದ ಮೇಲೆ ತೋರಿಸಿದ್ದು. ಕೊನೆಗೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಾಯಿತು. ಅಲ್ಲಿಂದ ಮುಂದೆ ಅವರು ಉಸಿರಾಡಿದ್ದು ಮೂಗಿನಿಂದಲ್ಲ, ಕುತ್ತಿಗೆಯ ಬುಡದಲ್ಲಿ ಮಾಡಿದ ರಂಧ್ರದಿಂದ. ಎರಡು ತಿಂಗಳು ಮೊಮ್ಮಗಳ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದರು. ಆಮೇಲೆ ಟಾರ್ಚಿನಷ್ಟು ಗಾತ್ರದ, ಬ್ಯಾಟರಿಯಿಂದ ನಡೆಯುವ ಒಂದು ಸಾಧನ ಬಂತು. ಅದನ್ನು ಕುತ್ತಿಗೆಗೆ ಒತ್ತಿ ಹಿಡಿದರೆ ಅದು ಝೇಂಕರಿಸುತ್ತದೆ, ಆ ಕಂಪನ ಬಾಯಿಗೆ ಇಳಿಯುತ್ತದೆ, ನಾಲಿಗೆ ಮತ್ತು ತುಟಿಗಳು ಅದನ್ನು ಮಾತಾಗಿ ತಿದ್ದಬೇಕು. ಧ್ವನಿತಂತುಗಳು ಮಾಡುತ್ತಿದ್ದ ಕೆಲಸವನ್ನು ಅದು ಮಾಡುತ್ತದೆ, ಆದರೆ ಅವುಗಳ ಹಾಗೆ ಬೇಕಾದಾಗ ನಿಲ್ಲುವುದೂ ಇಲ್ಲ, ಏರಿಳಿಯುವುದೂ ಇಲ್ಲ.

ಇದರಿಂದ ಏನಾಗುತ್ತದೆ ಎಂಬುದನ್ನು ಮನೆಯಲ್ಲಿ ಕೇಳಿದವರಿಗೇ ಗೊತ್ತು. ‘ಕ’, ‘ತ’, ‘ಪ’ ಅನ್ನುವಾಗ ನಮ್ಮ ಗಂಟಲು ಕ್ಷಣಹೊತ್ತು ಸುಮ್ಮನಾಗುತ್ತದೆ. ಸಾಧನ ಸುಮ್ಮನಾಗದ ಕಾರಣ ಅವು ‘ಗ’, ‘ದ’, ‘ಬ’ಗಳಾಗಿ ಕೇಳುತ್ತವೆ. ‘ತಮ್ಮಾ’ ಎಂದು ನನ್ನನ್ನು ಕರೆದದ್ದು ‘ದಮ್ಮಾ’ ಎಂದು ಕೇಳುತ್ತಿತ್ತು, ತೊಗರಿ ‘ದೊಗರಿ’ ಆಗಿತ್ತು. ಅಣ್ಣ ಒಂದೊಂದೇ ಪದವನ್ನು ಹಿಡಿದು, ಕನ್ನಡಿಯ ಮುಂದೆ ಕುಳಿತು, ತುಟಿಯನ್ನು ಬಿಗಿಮಾಡಿ ಸಡಿಲಿಸಿ, ನಾಲ್ಕು ತಿಂಗಳಲ್ಲಿ ಮಾತನ್ನು ಮತ್ತೆ ಕಲಿತರು. ಒಂದು ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಾಧನವನ್ನು ಒತ್ತಿ ಹಿಡಿದು, “ಚಾ ಆಗ್ಯದೇನು?” ಎಂದರು. ವೈನಿ (ಅತ್ತಿಗೆ) ಕೈಯಲ್ಲಿದ್ದ ಬಟ್ಟಲನ್ನು ಹಾಗೆಯೇ ಕೆಳಗಿಟ್ಟು, ಮತ್ತೊಮ್ಮೆ ಅನ್ನಿರಿ ಎಂದರು. ಅಣ್ಣ ಮತ್ತೊಮ್ಮೆ ಅಂದರು.

ಆ ಧ್ವನಿಯಲ್ಲಿ ಪ್ರಶ್ನೆಯ ಏರು ಬರುವುದಿಲ್ಲ. ಪ್ರಶ್ನೆಯೂ ಉತ್ತರವೂ ಸಿಟ್ಟೂ ಅಕ್ಕರೆಯೂ ಒಂದೇ ಸಮ. ಅದಕ್ಕೆ ಅಣ್ಣ ಪ್ರಶ್ನೆಯನ್ನು ಹುಬ್ಬಿನಲ್ಲಿ ಕೇಳತೊಡಗಿದರು. ಹುಬ್ಬು ಏರಿದರೆ ಕೇಳುತ್ತಿದ್ದಾರೆ ಎಂದು ಅರ್ಥ. ಮಕ್ಕಳು ಎಷ್ಟು ಬೇಗ ಅದನ್ನು ಕಲಿತರೆಂದರೆ, ಅಜ್ಜ ಮಾತನಾಡುವಾಗ ಕೈಯಲ್ಲಿದ್ದ ಆಟದ ಸಾಮಾನು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದರು. ಹೊರಗಿನವರಿಗೆ ಅದು ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಕೆಲವರು ಯಾವುದೋ ಕಂಪನಿಯ ರೆಕಾರ್ಡ್ ಮಾಡಿದ ಧ್ವನಿ ಎಂದು ತಿಳಿದು ಕಟ್ ಮಾಡುತ್ತಿದ್ದರು. ಒಂದು ಕಚೇರಿಯಲ್ಲಿ ಪಿಂಚಣಿಯ ಕೆಲಸಕ್ಕೆಂದು ಹೋದಾಗ ಕೌಂಟರಿನ ಹುಡುಗ ಅವರನ್ನು ಬಿಟ್ಟು ನನ್ನನ್ನೇ ನೋಡಿ, “ಇವರಿಗಿ ಏನ್ ಬೇಕಂತ್ರಿ?” ಎಂದು ಕೇಳಿದ. ಅಣ್ಣ ಸಾಧನವನ್ನು ಕೆಳಗಿಳಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಅಂದು ಮನೆಗೆ ಬರುವವರೆಗೂ ಮಾತನಾಡಲಿಲ್ಲ. ಅವರು ತೀರಿಹೋಗಿ ನಾಲ್ಕು ವರ್ಷಗಳಾದವು.

ಇಷ್ಟನ್ನು ಹೇಳಿದ್ದು ಅನುಕಂಪಕ್ಕಾಗಿ ಅಲ್ಲ. ಗೊದಾರ್ ಅವರ ಬಗ್ಗೆ ನನಗಿರುವ ಒಂದೇ ಒಂದು ನಿಜವಾದ ತಕರಾರು ಇಲ್ಲಿಂದ ಹುಟ್ಟಿದೆ. ಚಿತ್ರದ ಕೊನೆಯಲ್ಲಿ, ಊರು ಬಿಟ್ಟು ಹೋಗುವ ಕಾರಿನಲ್ಲಿ, ನತಾಶಾ ತನಗೆ ಹೇಳಿಕೊಡದ ಒಂದು ಮಾತನ್ನು ಆಡಬೇಕಾಗುತ್ತದೆ. ಲೆಮ್ಮಿ ನೆರವಾಗುವುದಿಲ್ಲ, ನೀನೇ ಹುಡುಕಿಕೊಳ್ಳಬೇಕು ಎನ್ನುತ್ತಾನೆ. ಅವಳು ತಡವರಿಸುತ್ತಾಳೆ, ನಿಲ್ಲುತ್ತಾಳೆ, ಒಂದೊಂದೇ ಪದವನ್ನು ತೂಗಿ ತೂಗಿ, ‘ನಾನು ನಿಮ್ಮನ್ನು ಪ್ರೀತಿಸುತ್ತೇನೆ’ ಎನ್ನುತ್ತಾಳೆ. ಅವಳು ಕಾರಿನಲ್ಲಿ ಪಟ್ಟ ಆ ಶ್ರಮವನ್ನೇ ಯಂತ್ರಕ್ಕೆ ಧ್ವನಿ ಕೊಟ್ಟ ಮನುಷ್ಯ ಚಿತ್ರ ಶುರುವಾಗುವ ಎಷ್ಟೋ ಮೊದಲು ಪಟ್ಟು ಮುಗಿಸಿದ್ದರು. ಕಳೆದುಹೋದ ಮಾತನ್ನು ಒಂದೊಂದೇ ಅಕ್ಷರವಾಗಿ ಮರಳಿ ಪಡೆದ ಧ್ವನಿಯನ್ನು, ಮಾತನ್ನು ಕಸಿದುಕೊಳ್ಳುವ ಯಂತ್ರಕ್ಕೆ ಕೊಟ್ಟುಬಿಟ್ಟದ್ದು ನನಗೆ ನೋವಾಯಿತು. ಪ್ರೇಕ್ಷಕರು ಅಂಜಬೇಕೆಂದು ಆಯ್ದ ಧ್ವನಿಗೆ ಅವರು ಅಂಜಿದರು ಅಥವಾ ನಕ್ಕರು. ಎರಡರಲ್ಲೂ ಆ ಮನುಷ್ಯ ಕಾಣಿಸಲಿಲ್ಲ.

ಆದರೂ ಅದೇ ಚಿತ್ರದಲ್ಲಿ, ಲೆಮ್ಮಿಯನ್ನು ವಿಚಾರಣೆಗೆ ಕೂರಿಸಿದ ಕೋಣೆಯಲ್ಲಿ, ಮೈಕುಗಳು ಅವನ ಮುಖದ ಸುತ್ತ ಅತ್ತಿತ್ತ ಸರಿಯುತ್ತಿರುವಾಗ ಆ ಧ್ವನಿ ಕೇಳುವ ಪ್ರಶ್ನೆಗಳನ್ನು ಕಿವಿಗೊಟ್ಟು ಕೇಳಿದರೆ, ಪ್ರತಿ ಮಾತಿನ ಮುಂಚೆ ಉಸಿರನ್ನು ಎಲ್ಲಿಂದಲೋ ಎಳೆದು ತರುವ ಒಂದು ಸಣ್ಣ ತಡೆ ಇದೆ. ಯಂತ್ರಕ್ಕೆ ಉಸಿರು ಬೇಕಾಗಿಲ್ಲ. ಅದನ್ನು ಗೊದಾರ್ ಅಳಿಸಿಲ್ಲ, ಅಳಿಸಲು ನೋಡಿಯೂ ಇಲ್ಲ. ಆ ಕಾರಣಕ್ಕಾಗಿ ನಾನು ಅವರ ಮೇಲಿನ ತಕರಾರನ್ನು ಪೂರ್ತಿ ಗಟ್ಟಿಮಾಡಿಕೊಳ್ಳಲಾರದೆ ಇದ್ದೇನೆ. ಇನ್ನೊಂದು ಮಾತು. ಚಿತ್ರದಲ್ಲಿ ಕೆಲವು ದೃಶ್ಯಗಳು ನೆಗೆಟಿವ್ ಆಗಿ, ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ ಕಾಣುತ್ತವೆ. ಪ್ರೊಜೆಕ್ಟರ್ ಕೆಟ್ಟಿತೆಂದು ಅಂದು ಕೆಲವರು ಕೂಗಿದರು. ಆಸ್ಪತ್ರೆಯ ಕಿಟಕಿಗೆ ಹಿಡಿದು ನೋಡಿದ ಎಕ್ಸ್‌ರೇ ಹಾಳೆಗಳ ಬಣ್ಣವೇ ಅದು ಎಂದು ನನಗನ್ನಿಸಿತು.

ನಗುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಇಂಗ್ಲಿಷ್ ಅಡಿಬರಹಗಳು ಓಡುವ ವೇಗಕ್ಕೆ ನಾನೇ ಎಷ್ಟೋ ಕಡೆ ಹಿಂದೆ ಬಿದ್ದೆ. ಕನ್ನಡದಲ್ಲಿ ಓದಿ ಬೆಳೆದ ಪ್ರೇಕ್ಷಕರಿಗೆ, ಪದಗಳು ಕಾಣೆಯಾಗುವುದರ ಬಗ್ಗೆಯೇ ಇರುವ ಚಿತ್ರವೊಂದನ್ನು ಅವರ ಪದಗಳಲ್ಲಿ ಒಂದೂ ಇಲ್ಲದೆ ತೋರಿಸಿದರೆ, ಅವರು ನಡುವೆ ಎದ್ದು ಹೋಗುವುದು ಸಹಜ. ಉತ್ಸವ ನಡೆಸಿದವರ ದುಡಿಮೆಯನ್ನು ನಾನು ಬಲ್ಲೆ. ಇಂಥ ಚಿತ್ರಗಳು ಬೆಂಗಳೂರು ದಾಟಿ ನಮ್ಮ ಊರಿಗೆ ಬರುವುದೇ ಅಪರೂಪ, ತಂದವರಿಗೆ ನಾನು ಋಣಿ. ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ವರ್ಷ ಈ ಚಿತ್ರವನ್ನು ಇನ್ನೊಮ್ಮೆ ತೋರಿಸಬೇಕು. ಬಾಗಿಲಲ್ಲಿ ಪ್ರತಿಯೊಬ್ಬರ ಕೈಗೂ ಕನ್ನಡದ ಒಂದು ಹಾಳೆ ಕೊಡಬೇಕು. ಕಥೆಯ ಹೊರೆ ಅದರಲ್ಲಿ ಬೇಡ. ಊರು ಯಾವುದು, ನಿಘಂಟಿನಿಂದ ಹೋದ ಪದಗಳು ಯಾವುವು, ಯಂತ್ರದ ಧ್ವನಿ ಎಂಥವರದು ಎಂಬ ಮೂರು ಸಂಗತಿಗಳು ಇದ್ದರೆ ಸಾಕು. ಅಡಿಬರಹಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಆ ಹಾಳೆಗೂ ನಾನು ಸಂಭಾವನೆಯಿಲ್ಲದೆ ಕೈಜೋಡಿಸುತ್ತೇನೆ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ, ಉತ್ಸವದವರು ಕೇಳಿದರೆ ಕೊಡಬಹುದು.

ಚಿತ್ರದ ಸುದ್ದಿಯನ್ನು ವೈನಿಯವರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮನ್ಯಾಗ ಆ ಧ್ವನಿ ಕೇಳಿ ನಾಕ ವರ್ಷ ಆತು. ಮತ್ತ ಹಚ್ಚಿದ್ರ ನನ್ನೂ ಕರ್ಕೊಂಡು ಹೋಗ್ರಿ” ಎಂದರು. ಮೊಣಕಾಲು ನೋವಿನಿಂದಾಗಿ ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಕೆಳಗಿನ ಸಾಲಿನಲ್ಲಿ, ಬಾಗಿಲ ಹತ್ತಿರ ಒಂದು ಕುರ್ಚಿಯನ್ನು ಅವರಿಗಾಗಿ ಇಡಬೇಕೆಂದು ಸಂಘಟಕರನ್ನು ಈಗಲೇ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಕಲಬುರಗಿ